ಕಾಲಿಗೆ ಚಕ್ರ ಕಟ್ಟಿಕೊಂಡ ಹೆಣ್ಣುಮಕ್ಕಳು

ಸದಾ ಊರೂರು ತಿರುಗುವ ಗಂಡಸನ್ನು ಕಂಡರೆ 'ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾನೆ' ಎಂದು ಜನ ಮೆಚ್ಚಿಕೊಂಡೇ ಹೇಳುತ್ತಾರೆ. ಅದೇ ಮಾತು ಹೆಣ್ಣಿನ ವಿಷಯದಲ್ಲಿ ಬಂದರೆ ಅದರ ಧಾಟಿಯೇ ಬೇರೆ. ಎಲ್ಲಿಗೆ, ಯಾಕೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಅವಳು ಹೊಸಿಲು ದಾಟಬೇಕು. ಹೀಗಿರುವಾಗ ಒಂದು ಇಡೀ ಜಿಲ್ಲೆಯ ಹೆಂಗಸರು, ಅದೂ ಕೂಲಿನಾಲಿ ಮಾಡಿ ಬದುಕುವ ಹಳ್ಳಿಯ ಹೆಂಗಸರು, ನಿಜವಾಗಿಯೂ ಚಕ್ರ ಕಟ್ಟಿಕೊಂಡು ರಸ್ತೆಗಿಳಿದರೆ? ಅಂಥದ್ದೊಂದು ಸಂಗತಿ ಮೂರು ದಶಕಗಳ ಹಿಂದೆ ನೆರೆಯ ತಮಿಳುನಾಡಿನ ಪುದುಕೋಟೈಯಲ್ಲಿ ನಡೆಯಿತು.

ತೊಂಡೈಮಾನ್ ಅರಸರು ಆಳುತ್ತಿದ್ದ ಪುದುಕೋಟೈ 1948ರಲ್ಲಿ ಭಾರತ ಒಕ್ಕೂಟದಲ್ಲಿ ವಿಲೀನಗೊಂಡಿತು. 1974ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಮಳೆಯನ್ನೂ ಕೆರೆಗಳನ್ನೂ ನಂಬಿದ ಒಣ ಸೀಮೆ ಅದು. ಹೊಲದ ಕೂಲಿ, ಕಲ್ಲು ಕ್ವಾರಿಯ ಕೂಲಿ ಅಲ್ಲಿನ ಬಡ ಹೆಂಗಸರ ಬದುಕು. 1990ರಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆ ಸಂಪೂರ್ಣ ಸಾಕ್ಷರವೆಂದು ಘೋಷಿತವಾದ ಮೇಲೆ ದೇಶದ ಹಲವೆಡೆ ಸಾಕ್ಷರತಾ ಆಂದೋಲನಗಳು ಹುಟ್ಟಿಕೊಂಡವಷ್ಟೆ. ಪುದುಕೋಟೈಯಲ್ಲಿ 1991ರಲ್ಲಿ ಶುರುವಾದ ಆಂದೋಲನಕ್ಕೆ 'ಅರಿವೊಳಿ ಇಯಕ್ಕಂ' ಎಂದು ಹೆಸರು. ಅರಿವಿನ ಬೆಳಕಿನ ಚಳವಳಿ ಎಂದರ್ಥ. ಅರಿವು ಎಂಬ ಮಾತನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಷರ ಕಲಿಸುವ ಕೆಲಸಕ್ಕೆ ಸೈಕಲ್ಲನ್ನು ಸೇರಿಸಿದವರು ಆಗ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್. ಲೆಕ್ಕಾಚಾರ ಸರಳವಾದದ್ದೇ. ರಾತ್ರಿ ಪಾಠ ಹೇಳುವ ಕಾರ್ಯಕರ್ತೆ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗಬೇಕು. ಬಸ್ಸು ಅಪರೂಪ. ಅಣ್ಣನೋ ಗಂಡನೋ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಓದು ಬರಹ ಕಲಿತ ಹೆಣ್ಣು ಬಸ್ಸಿನ ಬೋರ್ಡು ಓದಬಲ್ಲಳು ನಿಜ; ಆದರೆ ಆ ಬಸ್ ನಿಲ್ದಾಣದ ತನಕ ಹೋಗಲು ಇನ್ನೊಬ್ಬರ ಮುಖ ನೋಡಬೇಕಾದರೆ ಅಕ್ಷರದ ಉಪಯೋಗ ಅರ್ಧಕ್ಕೆ ನಿಂತಂತೆ. ಹೀಗಾಗಿ ಸೈಕಲ್ ಕಲಿಕೆಯೂ ಸಾಕ್ಷರತೆಯ ಒಂದು ಪಾಠವಾಯಿತು.

ಕಲಿಯಲು ಬಂದವರು ಯಾರು? ಹೊಲದ ಕೂಲಿಯವರು, ಕ್ವಾರಿಯಲ್ಲಿ ಕಲ್ಲು ಒಡೆಯುವವರು, ಅಂಗನವಾಡಿ ಕಾರ್ಯಕರ್ತೆಯರು, ದಾದಿಯರು, ಶಾಲಾ ಶಿಕ್ಷಕಿಯರು, ಹರಳು ಕೊರೆಯುವ ಕೆಲಸದವರು. ಶಾಲೆಗೆ ಹೋಗುವ ಹುಡುಗಿಯರಷ್ಟೇ ಅಲ್ಲ, ಮಕ್ಕಳ ತಾಯಂದಿರೂ ಬಂದರು. ಸೀರೆ ಉಟ್ಟು ಸೈಕಲ್ ಕಲಿಯುವುದು ಸುಲಭದ ಮಾತಲ್ಲ. ನೆರಿಗೆ ಎತ್ತಿ ಕಟ್ಟಬೇಕು, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಬೇಕು, ಅಂಚು ಚೈನಿಗೆ ಸಿಕ್ಕದಂತೆ ಕಣ್ಣಿಡಬೇಕು. ಮೊಣಕಾಲಿನ ಚರ್ಮ ತರೆದುಹೋಗುವುದು ಇದ್ದದ್ದೇ. ಆದರೆ ಬಿದ್ದ ನೋವಿಗಿಂತ ಹೆಚ್ಚು ಚುಚ್ಚಿದ್ದು ದಾರಿಬದಿಯ ಮಾತು. ಸೈಕಲ್ ಏರಿದ ಹೆಂಗಸಿನ ನಡತೆಯ ಬಗ್ಗೆ ಗಂಡಸರು ಹೊಲಸು ಮಾತಾಡಿದರು, ನಕ್ಕರು.

ಅರಿವೊಳಿ ಕೆಲಸಕ್ಕೆ ಬಂದದ್ದು ಇಲ್ಲಿಯೇ. ಹೆಂಗಸರಿಗಾಗಿಯೇ ತರಬೇತಿ ಶಿಬಿರಗಳು ನಡೆದವು. ಒಬ್ಬಳು ಸೀಟು ಹಿಡಿದು ಓಡಿದರೆ ಇನ್ನೊಬ್ಬಳು ತುಳಿದಳು. ನಿನ್ನೆ ಕಲಿತವಳು ಇಂದು ಕಲಿಸುವವಳಾದಳು. ಚಳವಳಿಯ ಗಂಡಸರೂ ಬೆಂಬಲಕ್ಕೆ ನಿಂತರು. ಅವರಲ್ಲೊಬ್ಬರು ಸೈಕಲ್ ಕಲಿಯುವಂತೆ ಹುರಿದುಂಬಿಸುವ ಹಾಡನ್ನೇ ಕಟ್ಟಿದರು. ಒಬ್ಬಂಟಿ ಹೆಂಗಸು ಸೈಕಲ್ ಹೊಡೆದರೆ ಊರಿಗೆ ಅದೊಂದು ತಮಾಷೆ. ನಲವತ್ತು ಮಂದಿ ಒಟ್ಟಿಗೆ ಹೊರಟರೆ ಅದು ಮೆರವಣಿಗೆ. ಅದೇ ನಲವತ್ತು ಮಂದಿ ದಿನವೂ ಹೊರಟರೆ ಅದು ಬರಿಯ ಸಂಚಾರ, ಯಾರೂ ತಲೆ ಎತ್ತಿ ನೋಡುವುದಿಲ್ಲ!

1992ರ ಅಂತಾರಾಷ್ಟ್ರೀಯ ಮಹಿಳಾ ದಿನದಂದು ಈ ಮಾತು ಎಲ್ಲರ ಕಣ್ಣಿಗೂ ಕಾಣುವಂತಾಯಿತು. ಹ್ಯಾಂಡಲ್ಲಿಗೆ ಬಾವುಟ ಸಿಕ್ಕಿಸಿಕೊಂಡು, ಬೆಲ್ ಬಾರಿಸುತ್ತ 1500ಕ್ಕೂ ಹೆಚ್ಚು ಹೆಂಗಸರು ಪುದುಕೋಟೈ ಪಟ್ಟಣಕ್ಕೆ ಲಗ್ಗೆ ಹಾಕಿದರು. ಪಟ್ಟಣದ ಜನ ಬೆರಗಾಗಿ ನಿಂತರು. ಗ್ರಾಮೀಣ ಭಾರತದ ಬಗ್ಗೆ ಬರೆದು ಹೆಸರಾದ ಪತ್ರಕರ್ತ ಪಿ. ಸಾಯಿನಾಥ್ ಆ ಜಿಲ್ಲೆಯಲ್ಲಿ ತಿರುಗಾಡಿ ಇದನ್ನೆಲ್ಲ ದಾಖಲಿಸಿದ್ದಾರೆ. 1996ರಲ್ಲಿ ಬಂದ ಅವರ ಪುಸ್ತಕ ಕನ್ನಡದಲ್ಲಿ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂಬ ಹೆಸರಿನಲ್ಲಿ ಪ್ರಕಟವಾಗಿದೆ. ಅವರ ಪ್ರಕಾರ ಸೈಕಲ್ ಕಲಿತ ಹಳ್ಳಿಯ ಹೆಂಗಸರ ಸಂಖ್ಯೆ ಒಂದು ಲಕ್ಷ ದಾಟಿತ್ತು. ಅವರಲ್ಲಿ 70,000ಕ್ಕೂ ಹೆಚ್ಚು ಮಂದಿ ಸಾರ್ವಜನಿಕ ಪ್ರದರ್ಶನ, ಸ್ಪರ್ಧೆಗಳಲ್ಲಿ ತಮ್ಮ ಹೊಸ ವಿದ್ಯೆಯನ್ನು ಹೆಮ್ಮೆಯಿಂದ ತೋರಿಸಿದ್ದರು.

ಅಂಗಡಿಗಳಲ್ಲಿ ಲೇಡೀಸ್ ಸೈಕಲ್‌ಗಳ ಕೊರತೆ ಬಿತ್ತು. ಹೆಂಗಸರೇನೂ ಕೈಕಟ್ಟಿ ಕೂರಲಿಲ್ಲ, ಗಂಡಸರ ಸೈಕಲ್ಲನ್ನೇ ಏರಿದರು. ಅದರ ಅಡ್ಡಕಂಬಿಯೇ ಅವರಿಗೆ ಅನುಕೂಲವಾಯಿತು. ಸೀರೆಗೆ ಅಡ್ಡಿಯೆಂದು ಲೇಡೀಸ್ ಸೈಕಲ್ಲಿನಲ್ಲಿ ಕೈಬಿಟ್ಟ ಆ ಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ! ಮುಂದೆ ಮಗು, ಹಿಂದೆ ಕ್ಯಾರಿಯರ್ ಮೇಲೆ ಸಾಮಾನು, ಪಕ್ಕದಲ್ಲಿ ತೂಗುಬಿದ್ದ ನೀರಿನ ಕೊಡ. ಹೀಗೆ ಒಂದೇ ಸವಾರಿಯಲ್ಲಿ ಮೂರು ಕೆಲಸ. ಸೈಕಲ್ ಕೊಳ್ಳಲು ಬ್ಯಾಂಕುಗಳಿಂದ ಹೆಂಗಸರಿಗೆ ಸಾಲ ಕೊಡಿಸುವ ಏರ್ಪಾಡನ್ನೂ ಜಿಲ್ಲಾಡಳಿತ ಮಾಡಿತು.

ಇದರಿಂದ ದಕ್ಕಿದ್ದೇನು ಎಂದು ಕೇಳಬಹುದು. ಮೊದಲು ದಕ್ಕಿದ್ದು ಹೊತ್ತು. ಆರು ಕಿಲೋಮೀಟರ್ ನಡೆಯಲು ಒಂದೂಕಾಲು ಗಂಟೆಯಾದರೂ ಬೇಕು. ಸೈಕಲ್ಲಿಗೆ ಅರ್ಧ ಗಂಟೆ ಸಾಕು. ಹೊಲದ ಬೆಳೆಯನ್ನು ಮಾರುವ ಹೆಂಗಸು ಮೊದಲು ಬಸ್ಸಿಗಾಗಿ ಕಾಯಬೇಕಿತ್ತು, ಮಾರಿ ಮುಗಿಯುವ ಮೊದಲೇ ಮನೆಯ ಮಕ್ಕಳನ್ನು ನೆನೆದು ಹಿಂತಿರುಗಬೇಕಿತ್ತು. ಸೈಕಲ್ ಬಂದ ಮೇಲೆ ಇನ್ನೂ ನಾಲ್ಕು ಊರು ಸುತ್ತಿ, ಒಳ್ಳೆಯ ಬೆಲೆಗೆ ಮಾರಿ ಹೊತ್ತಿಗೆ ಸರಿಯಾಗಿ ಮನೆ ಸೇರುವಂತಾಯಿತು. ಉಳಿದ ಹೊತ್ತಿನಲ್ಲಿ ಸ್ವಲ್ಪ ವಿಶ್ರಾಂತಿ ಎಂಬ ಅಪರೂಪದ ವಸ್ತುವೂ ಸಿಕ್ಕಿತು. ಇಷ್ಟಾದರೂ, ಹಣಕಾಸಿನ ಲಾಭಕ್ಕಿಂತ ತಮಗೆ ಬಂದ ಧೈರ್ಯ, ಸ್ವಾತಂತ್ರ್ಯವೇ ದೊಡ್ಡದು ಎಂದು ಆ ಹೆಂಗಸರು ಭಾವಿಸಿದ್ದನ್ನು ಸಾಯಿನಾಥ್ ಗುರುತಿಸಿದ್ದಾರೆ.

ಹೆಣ್ಣು ಸೈಕಲ್ ಏರಿದಾಗ ಗೊಣಗಿದ್ದು ತಮಿಳು ಹಳ್ಳಿಗಳಷ್ಟೇ ಅಲ್ಲ. ಎರಡು ಸಮ ಚಕ್ರಗಳ ಇಂದಿನ ಮಾದರಿಯ ಸೈಕಲ್ ಇಂಗ್ಲೆಂಡಿನಲ್ಲಿ 1885ರಲ್ಲಿ ರೂಪುಗೊಂಡು, 1890ರ ದಶಕದಲ್ಲಿ ಅಲ್ಲಿನ ಮತ್ತು ಅಮೆರಿಕೆಯ ಹೆಂಗಸರು ಅದನ್ನು ಏರತೊಡಗಿದಾಗ, ಹೆಣ್ಣಿನ ಮುಖ ಸೊಟ್ಟಗಾಗುತ್ತದೆ, ಅಂದ ಕೆಡುತ್ತದೆ ಎಂದು ಹೆದರಿಸಿದ ವೈದ್ಯರೂ ಇದ್ದರು! ಸೈಕಲ್ಲಿನಷ್ಟು ಹೆಣ್ಣಿನ ಬಿಡುಗಡೆಗೆ ನೆರವಾದದ್ದು ಲೋಕದಲ್ಲಿ ಬೇರೊಂದಿಲ್ಲ ಎಂಬ ಅರ್ಥದ ಮಾತನ್ನು ಅಮೆರಿಕದ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಸೂಸನ್ ಬಿ. ಆಂಟನಿ ಆಡಿದ್ದು 1896ರಲ್ಲಿ.

ಪುದುಕೋಟೈ ಕಲಿಸಿದ ಪಾಠಕ್ಕೆ ಮುಂದೆ ಬಿಹಾರದಲ್ಲಿ ಪುರಾವೆ ಸಿಕ್ಕಿತು. ಅಲ್ಲಿನ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡುವ ಯೋಜನೆ ತಂದಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತ್ತು. ಇದು ಬರೀ ಚಕ್ರದ ಮಹಿಮೆಯಲ್ಲ. ಊರಿನ ಹುಡುಗಿಯರಿಗೆಲ್ಲ ಒಟ್ಟಿಗೆ ಸೈಕಲ್ ಬಂದದ್ದರಿಂದ ಅವರು ಗುಂಪಾಗಿ ಹೋಗುವಂತಾಯಿತು, ಗುಂಪಿನಲ್ಲಿ ಭಯ ಕಡಿಮೆಯಾಯಿತು, ಊರಿನ ಕಟ್ಟುಪಾಡುಗಳೂ ಸಡಿಲಗೊಂಡಿರಬಹುದು ಎಂದು ಆ ವಿದ್ವಾಂಸರು ಹೇಳಿದ್ದಾರೆ. ಒಬ್ಬಳಿಗೆ ಮಾತ್ರ ಸೈಕಲ್ ಕೊಟ್ಟಿದ್ದರೆ ಅದು ಜಗಲಿಗೆ ಒರಗಿಕೊಂಡೇ ಇರುತ್ತಿತ್ತೋ ಏನೋ!

ಕರ್ನಾಟಕದಲ್ಲಿಯೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಎರಡು ಜಡೆ ಹಾಕಿದ ಹುಡುಗಿಯರು ಮಾತಾಡಿಕೊಂಡು, ನಗುತ್ತ, ಸಾಲಾಗಿ ಸೈಕಲ್ ತುಳಿಯುವ ದೃಶ್ಯ ಹಳ್ಳಿಯ ದಾರಿಗಳಿಗೆ ಹೊಸದಾಗಿ ಉಳಿಯಲಿಲ್ಲ. ಆದರೆ ಆ ಹುಡುಗಿ ಶಾಲೆ ಮುಗಿಸಿದ ಮೇಲೆ? ಹತ್ತನೆಯ ತರಗತಿ ದಾಟಿದ ಸೈಕಲ್ಲನ್ನು ತಮ್ಮ ತೆಗೆದುಕೊಳ್ಳುತ್ತಾನೆ. ಮದುವೆಯಾಗಿ ಹೋದ ಮನೆಯಲ್ಲಿ ಗಾಡಿಯೇನೋ ಇರುತ್ತದೆ, ಅದರ ಬೀಗದ ಕೈ ಗಂಡನ ಜೇಬಿನಲ್ಲಿರುತ್ತದೆ. ಅವನು ಬೆಳಿಗ್ಗೆ ಏಳಕ್ಕೆ ಅದನ್ನೇರಿ ಹೋದರೆ ಅವಳಿಗೆ ಉಳಿಯುವುದು ಮತ್ತದೇ ಕಾಲ್ನಡಿಗೆ ಮತ್ತು ಆ ನಾಲ್ಕು ಪ್ರಶ್ನೆಗಳು. ಸವಾರಿ ಬರುವುದು ಬೇರೆ, ಸವಾರಿಗೆ ತನ್ನದೇ ಒಂದು ಸೈಕಲ್ ಇರುವುದು ಬೇರೆ.

ಹೆಂಗಸರಿಗೆ ಸಾಲ ಕೊಡಿಸಿದಾಗ ಪುದುಕೋಟೈ ಈ ಗುಟ್ಟನ್ನು ಅರಿತಿತ್ತು. ಈಗ ಹಳ್ಳಿಹಳ್ಳಿಯಲ್ಲೂ ಸ್ವಸಹಾಯ ಸಂಘಗಳಿವೆ. ಹಸು ಕೊಳ್ಳಲು, ಹೊಲಿಗೆ ಯಂತ್ರ ಕೊಳ್ಳಲು ಅಲ್ಲಿ ಸಾಲ ಸಿಗುತ್ತದೆ. ಸೈಕಲ್ಲೂ ಅಂಥದೇ ಒಂದು ದುಡಿಮೆಯ ಸಾಧನವೆಂದು ಹತ್ತು ಹೆಂಗಸರ ಒಂದು ಸಂಘ ತೀರ್ಮಾನಿಸಿದರೆ ಸಾಕು. ಒಂದು ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಹತ್ತು ಸೈಕಲ್ ಸಾಲಾಗಿ ಹೋಗಲಿ. ಅರಳಿಕಟ್ಟೆಯಲ್ಲಿ ಕೂತವರು ಮೊದಲ ವಾರ ನಗುತ್ತಾರೆ, ಎರಡನೆಯ ವಾರ ಎಣಿಸುತ್ತಾರೆ. ಮೂರನೆಯ ವಾರ ಅವರಲ್ಲೊಬ್ಬ 'ಬರುವಾಗ ಪೇಟೆಯಿಂದ ನನಗೊಂದು ಮಾತ್ರೆ ತಂದುಕೊಡವ್ವಾ' ಎಂದು ಚೀಟಿ ನೀಡುತ್ತಾನೆ.