ಬಾನಿನಲ್ಲಿ ಕಾದಿದವರ ಬಾಯಿಮಾತು

ಕಂಡದ್ದನ್ನು ಕಂಡಂತೆ ನುಡಿಯುವುದು ಸುಲಭದ ಮಾತಲ್ಲ. ಯುದ್ಧವನ್ನು ಕಂಡವರಿಗಂತೂ ಅದು ಮತ್ತಷ್ಟು ಕಠಿಣ. ಯುದ್ಧಭೂಮಿಯನ್ನು ಕಾಣದವರು ಅದನ್ನು ಕುರಿತು ಗಂಟಲು ಹರಿಯುವಂತೆ ಮಾತನಾಡುತ್ತಾರೆ. ಕಂಡು ಬಂದವರು ಮೆಲುದನಿಯಲ್ಲಿ ನಾಲ್ಕು ಮಾತು ಆಡಿ ಸುಮ್ಮನಾಗುತ್ತಾರೆ. ಆ ನಾಲ್ಕು ಮಾತುಗಳಲ್ಲಿಯೇ ಸತ್ಯವಿರುತ್ತದೆ. ಆದ್ದರಿಂದ ಈ ತಿಂಗಳು ಬಾನಿನಲ್ಲಿ ಕಾದಿದ ಮೊದಲಿಗರ ಅನುಭವಗಳನ್ನು ನಮ್ಮ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣದ ಮನೆಗಳಿಗೆ ವಿಮಾನದ ಸದ್ದು ಹೊಸದಲ್ಲ. ಬೀದರಿನ ವಾಯುನೆಲೆಯಲ್ಲಿ 1963ರಿಂದ ವಿಮಾನ ಚಾಲನೆಯ ಶಿಕ್ಷಣ ನಡೆದುಬಂದಿದೆ. ಸೂರ್ಯಕಿರಣ ತಂಡವು 1996ರಲ್ಲಿ ರೂಪುಗೊಂಡದ್ದು ಅಲ್ಲಿಯೇ. 2008ರಲ್ಲಿ ಹಾಕ್ ಎಂಬ ತರಬೇತಿ ಜೆಟ್ ವಿಮಾನಗಳು ಅಲ್ಲಿಗೆ ಬಂದವು. 2016ರಲ್ಲಿ ಭಾರತೀಯ ವಾಯುಪಡೆಯ ಯುದ್ಧವಿಮಾನ ವಿಭಾಗಕ್ಕೆ ಸೇರಿದ ಮೊದಲ ಮೂವರು ಮಹಿಳೆಯರು ಆ ಹಾಕ್ ವಿಮಾನಗಳಲ್ಲಿ ಪಳಗಿದ್ದೂ ಬೀದರಿನಲ್ಲಿಯೇ. ತೊಗರಿಯ ಹೊಲದಲ್ಲಿ ಕೆಲಸ ಮಾಡುವವರು ಕೈಬಿಟ್ಟು ಮೇಲೆ ನೋಡುತ್ತಾರೆ. ಶಾಲೆಯ ಅಂಗಳದ ಮಕ್ಕಳು ಆಟ ನಿಲ್ಲಿಸಿ ಬೆರಳು ತೋರುತ್ತಾರೆ. ಆ ಮಕ್ಕಳಿಗೆ ನಾವು ವಿಮಾನದ ವೇಗವನ್ನು ಹೇಳುತ್ತೇವೆಯೇ ಹೊರತು, ಅದರೊಳಗೆ ಕುಳಿತ ಮನುಷ್ಯನ ಮನಸ್ಸನ್ನು ಹೇಳುವುದಿಲ್ಲ.

ನಮ್ಮ ನೆಲಕ್ಕೂ ಯುದ್ಧವಿಮಾನಕ್ಕೂ ಇರುವ ನಂಟು ಬೀದರಿನ ತರಬೇತಿಗಿಂತ ಹಳೆಯದು. ಈ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಮೊದಲ ಮಹಾಯುದ್ಧದ ಕೊನೆಯ ವರ್ಷವಾದ 1918ರಲ್ಲಿ, ಫ್ರಾನ್ಸಿಗೆ ಹೋದ ಬ್ರಿಟಿಷ್ ವಾಯುಪಡೆಯ 110ನೆಯ ದಳದ ಬಾಂಬರ್ ವಿಮಾನಗಳು ನಿಜಾಮರ ಕೊಡುಗೆಯಾಗಿದ್ದವು. ಎರಡನೆಯ ಮಹಾಯುದ್ಧದಲ್ಲಿ 152ನೆಯ ದಳಕ್ಕೆ ಹೈದರಾಬಾದ್ ಎಂದೂ 253ನೆಯ ದಳಕ್ಕೆ ಹೈದರಾಬಾದ್ ಸಂಸ್ಥಾನ ಎಂದೂ ಹೆಸರಾಯಿತು. 1940ರಲ್ಲಿ ಇಂಗ್ಲೆಂಡಿನ ಬಾನಿನಲ್ಲಿ ಜರ್ಮನರ ದಾಳಿಯನ್ನು ತಡೆದವರಲ್ಲಿ ಈ ಎರಡು ದಳಗಳೂ ಇದ್ದವು. ಒಂದರಲ್ಲಿ ಸ್ಪಿಟ್‌ಫೈರ್, ಇನ್ನೊಂದರಲ್ಲಿ ಹರಿಕೇನ್ ವಿಮಾನಗಳು. 152ನೆಯ ದಳದ ಲಾಂಛನದಲ್ಲಿ ನಿಜಾಮರ ಶಿರೋಭೂಷಣವೇ ಇತ್ತು. ಸಂಸ್ಥಾನದ ಬೊಕ್ಕಸಕ್ಕೆ ಮುಖ್ಯ ಆಧಾರ ಭೂಕಂದಾಯವಾಗಿತ್ತು ಎಂಬುದನ್ನು ನೆನೆದರೆ, ನಮ್ಮ ಒಕ್ಕಲು ಮಕ್ಕಳ ಬೆವರಿನ ಹೆಸರು ದೂರದ ದೇಶದ ಬಾನಿನಲ್ಲಿ ಹಾರಾಡಿತೆಂದೇ ಹೇಳಬೇಕು. ಬೆವರು ಸುರಿಸಿದವರಿಗೆ ಮಾತ್ರ ಅದರ ಸುದ್ದಿಯೂ ಇರಲಿಲ್ಲ.

ಹಣ ಕೊಟ್ಟವರು ಅರಸರು. ಪ್ರಾಣ ಒಡ್ಡಿದವರು ಬೇರೆಯವರು. ಆ ಬೇರೆಯವರಲ್ಲಿ ತನ್ನ ಅನುಭವವನ್ನು ತಾನೇ ಬರೆದಿಟ್ಟ ಭಾರತೀಯ ಹರ್ದಿತ್ ಸಿಂಗ್ ಮಲಿಕ್. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಈ ಸಿಖ್ ತರುಣನನ್ನು ಬ್ರಿಟಿಷರು ಮೊದಲು ತಮ್ಮ ವಾಯುದಳಕ್ಕೆ ಸೇರಿಸಿಕೊಳ್ಳಲಿಲ್ಲ. ಫ್ರೆಂಚರು ಕರೆದರೆ ಅವರ ಪರವಾಗಿ ಹಾರಲು ಆತ ಸಿದ್ಧನಾದ. ಆಗ ಆತನ ಗುರುಗಳು ಮೇಲಧಿಕಾರಿಗಳಿಗೆ ಪತ್ರ ಬರೆದು ದಾರಿ ಮಾಡಿಕೊಟ್ಟರು. ಪೇಟವನ್ನು ತೆಗೆಯಲು ಮಲಿಕ್ ಒಪ್ಪಲಿಲ್ಲ. ಪೇಟದ ಮೇಲೆ ಕೂರುವಂತೆ ದೊಡ್ಡ ಶಿರಸ್ತ್ರಾಣವನ್ನು ಮಾಡಿಸಿಕೊಂಡು ಹಾರಿದರು. ಅಂದಿನ ವಿಮಾನವೆಂದರೆ ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಹೊದಿಸಿದ ರಚನೆ. ಕೂರುವ ತಾಣಕ್ಕೆ ಮೇಲು ಮುಚ್ಚಳವಿಲ್ಲ. ಬ್ರಿಟಿಷ್ ಚಾಲಕರಿಗೆ ಪ್ಯಾರಾಚೂಟನ್ನೂ ಕೊಡುತ್ತಿರಲಿಲ್ಲ. ವಿಮಾನಕ್ಕೆ ಬೆಂಕಿ ಹತ್ತಿತೆಂದರೆ ಬದುಕುವ ದಾರಿಯೇ ಇಲ್ಲ. 1917ರ ಅಕ್ಟೋಬರ್ 26ರಂದು ಮಲಿಕ್ ಶತ್ರು ವಿಮಾನಗಳ ನಡುವೆ ಸಿಕ್ಕಿಬಿದ್ದರು. ಕಾಲಿಗೆ ಗುಂಡು ಹೊಕ್ಕಿತು. ವಿಮಾನಕ್ಕೆ ನೂರಾರು ಗುಂಡುಗಳು ತಗುಲಿದವು. ಆದರೂ ತಮ್ಮ ಪಡೆಯಿದ್ದ ನೆಲಕ್ಕೆ ಮರಳಿ ಬಿದ್ದು ಬದುಕಿದರು. ಮುಂದೆ ಅವರು ರಾಜತಂತ್ರಜ್ಞರಾಗಿ ಸ್ವತಂತ್ರ ಭಾರತದ ಸೇವೆ ಮಾಡಿ 1985ರಲ್ಲಿ ತೀರಿಕೊಂಡರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ಎ ಲಿಟಲ್ ವರ್ಕ್, ಎ ಲಿಟಲ್ ಪ್ಲೇ'. ಅಷ್ಟು ಗುಂಡುಗಳ ನಡುವಿನಿಂದ ಬದುಕಿ ಬಂದವರು ತಮ್ಮ ಬಾಳನ್ನು ಒಂದಿಷ್ಟು ದುಡಿಮೆ, ಒಂದಿಷ್ಟು ಆಟ ಎಂದು ಕರೆದುಕೊಂಡರು. ಅನುಭವ ಮಾಗಿದಾಗ ಮಾತು ಹಗುರಾಗುತ್ತದೆ.

ಅದೇ ಯುದ್ಧದಲ್ಲಿ ಬಂಗಾಳದ ಇಂದ್ರಲಾಲ್ ರಾಯ್ 1918ರ ಜುಲೈ ತಿಂಗಳ ಹದಿಮೂರು ದಿನಗಳಲ್ಲಿ ಹತ್ತು ವಿಮಾನಗಳನ್ನು ಗೆದ್ದು, ಜುಲೈ 22ರಂದು ತಾನೂ ಉರುಳಿದ. ಆಗ ಆತನಿಗೆ ಹತ್ತೊಂಬತ್ತು ವರ್ಷ. ಆತ್ಮಕಥೆ ಬರೆಯುವ ವಯಸ್ಸು ಆತನಿಗೆ ಬರಲೇ ಇಲ್ಲ. ಆತ ಬಿಡಿಸಿದ ವಿಮಾನಗಳ ಚಿತ್ರಗಳು ಮಾತ್ರ ಉಳಿದಿವೆ. ಬದುಕಿ ಬಂದವರ ಕಥೆ ನಮಗೆ ದೊರೆಯುತ್ತದೆ. ಬಾರದವರ ಕಥೆಯನ್ನು ಹೇಳುವವರು ಯಾರು?

ಈ ಪ್ರಶ್ನೆಗೆ ನಮ್ಮ ಕನ್ನಡ ನಾಡೇ ಒಂದು ಉತ್ತರವನ್ನು ಕೊಟ್ಟಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1954ರಲ್ಲಿ ವಾಯುಪಡೆ ಸೇರಿ, ಕಿರಿಯರಿಗೆ ವಿಮಾನ ಚಾಲನೆ ಕಲಿಸುವ ಗುರುವಾಗಿದ್ದರು. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ಒಂದನೆಯ ದಳದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಹೊರಟವು. ದೇವಯ್ಯನವರದು ಮೀಸಲು ಸ್ಥಾನ. ಯಾರಾದರೂ ಹಿಂದುಳಿದರೆ ಮಾತ್ರ ಅವರು ಮುಂದುವರಿಯಬೇಕು. ಹಾಗೆಯೇ ಆಯಿತು, ಅವರು ಹೋದರು, ಮರಳಲಿಲ್ಲ. ಏನಾಯಿತೆಂದು ಈಚೆ ಯಾರಿಗೂ ತಿಳಿಯಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ಮನೆಯವರ ಪಾಲಿಗೆ ಸಾವಿಗಿಂತಲೂ ಸುದ್ದಿಯಿಲ್ಲದಿರುವುದೇ ಘೋರವಾದದ್ದು.

ಕಣ್ಣಾರೆ ಕಂಡವನು ಗಡಿಯ ಆಚೆ ಬದುಕಿದ್ದ. ಆತ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಆತನ ಸ್ಟಾರ್‌ಫೈಟರ್ ವಿಮಾನ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ದೇವಯ್ಯನವರ ಮಿಸ್ಟೇರ್ ಸಮಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಆದರೆ ಅತಿವೇಗದ ವಿಮಾನಕ್ಕೆ ತಿರುಗಲು ವಿಶಾಲವಾದ ಬಾನು ಬೇಕು. ನೆಲಕ್ಕೆ ಹತ್ತಿರ, ಕಡಿಮೆ ವೇಗದಲ್ಲಿ ಸುತ್ತಿ ಸುತ್ತಿ ಕಾದುವಾಗ ಮಿಸ್ಟೇರಿನದೇ ಮೇಲುಗೈ. ತನ್ನ ಏಟು ತಿಂದ ವಿಮಾನವು ಓಡಿಹೋಗದೆ ತಿರುಗಿ ನಿಂತು ಕಾದಿತೆಂಬುದು ಅಮ್ಜದನ ಅನುಭವ. ಆ ಕಾಳಗದಲ್ಲಿ ಸ್ಟಾರ್‌ಫೈಟರ್ ನೆಲಕ್ಕೆ ಬಿತ್ತು. ಅಮ್ಜದ್ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡ. ದೇವಯ್ಯನವರು ಅಲ್ಲಿಯೇ ಮಡಿದರು. ಸರ್ಗೋಧಾ ಮಿಸ್ಟೇರಿನ ಇಂಧನಕ್ಕೆ ಎಟುಕುವ ಕೊನೆಯ ಎಲ್ಲೆಯಲ್ಲಿತ್ತು. ಅಲ್ಲಿ ನಿಂತು ಕಾದಿದವನಿಗೆ ಮನೆ ಸೇರುವಷ್ಟು ಇಂಧನ ಉಳಿಯುವ ಆಸೆ ಕಡಿಮೆ. ಕಲಿಸುವ ಗುರುವಿಗೆ ಈ ಲೆಕ್ಕ ತಿಳಿಯದಿರಲು ಸಾಧ್ಯವಿರಲಿಲ್ಲ.

1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ಕಡೆಯ ವಿವರಗಳಿಂದ ಬರೆದ ಪುಸ್ತಕದಲ್ಲಿ ಈ ಕಾಳಗದ ಸಂಗತಿ ಹೊರಬಂದಿತು. ನಮ್ಮ ವಾಯುಪಡೆಯವರು ತಾಳೆ ನೋಡಿದಾಗ ಆ ಯೋಧ ದೇವಯ್ಯನವರೇ ಎಂಬುದು ಖಚಿತವಾಯಿತು. 1988ರಲ್ಲಿ, ಅಂದರೆ ಇಪ್ಪತ್ಮೂರು ವರ್ಷಗಳ ತರುವಾಯ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ನಮ್ಮ ವೀರನ ಕೀರ್ತಿಗೆ ಸಾಕ್ಷಿಯಾದದ್ದು ಎದುರಾಳಿಯ ನುಡಿ. ತಾನು ಸೋತ ಗಳಿಗೆಯನ್ನು ಮರೆಮಾಚದೆ ಹೇಳಿದವನಿಗೂ ಒಂದು ಬಗೆಯ ಶೌರ್ಯವಿದೆಯೆಂದು ನಾವು ಭಾವಿಸುತ್ತೇವೆ.

ಅದೇ ಯುದ್ಧದ ಕೊನೆಗೆ ಕೊಡಗಿನ ಮತ್ತೊಬ್ಬ ಚಾಲಕ, ಜನರಲ್ ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪನವರು, ಹಂಟರ್ ವಿಮಾನದಲ್ಲಿ ಹೋಗಿ ಸೆಪ್ಟೆಂಬರ್ 22ರಂದು ಶತ್ರುವಿನ ಗುಂಡಿಗೆ ವಿಮಾನ ಕಳೆದುಕೊಂಡು ಸೆರೆಸಿಕ್ಕರು. ಮರುದಿನ ನಸುಕಿಗೆ ಕದನವಿರಾಮ! ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಹಿಂದೆ ಅವಿಭಜಿತ ಸೇನೆಯಲ್ಲಿ ಕಾರ್ಯಪ್ಪನವರನ್ನು ಬಲ್ಲವರು. ಮಗ ಕ್ಷೇಮವಾಗಿರುವನೆಂದು ತಂದೆಗೆ ಸುದ್ದಿ ಕಳುಹಿಸಿದರು, ಬಿಡುಗಡೆಯ ಮಾತನ್ನೂ ಆಡಿದರು. ಸೆರೆಯಲ್ಲಿರುವವರೆಲ್ಲರೂ ತನ್ನ ಮಕ್ಕಳೇ, ತನ್ನ ಮಗನಿಗೆಂದು ಬೇರೆ ಉಪಕಾರ ಬೇಡವೆಂಬುದು ತಂದೆಯ ಉತ್ತರವಾಗಿತ್ತು. ಮಗ ಇತರ ಕೈದಿಗಳೊಡನೆಯೇ 1966ರಲ್ಲಿ ಮರಳಿ, ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು. ತಂದೆಯ ಜೀವನಚರಿತ್ರೆಯನ್ನೂ ಬರೆದರು. ಮಕ್ಕಳನ್ನು ಹೆತ್ತ ಯಾವ ತಂದೆಯೂ ಆ ಉತ್ತರದ ಬೆಲೆಯನ್ನು ಊಹಿಸಿಕೊಳ್ಳಬಲ್ಲ.

ಇಲ್ಲಿಯವರೆಗೆ ಹೇಳಿದ್ದು ಮೇಲಿದ್ದವರ ಅನುಭವ. ಕೆಳಗಿದ್ದವರ ಅನುಭವವೂ ಒಂದಿದೆ. ಅದು ನಮ್ಮ ಹತ್ತಿರದ್ದು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಭಾರತದ ಸೇನೆ ಸೋಲಾಪುರದ ಕಡೆಯಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಬಂದಾಗ, 14ರಂದು ಉಮರ್ಗಾದಿಂದ ರಾಜೇಶ್ವರದವರೆಗಿನ ದಾರಿಯನ್ನು ತೆರವುಗೊಳಿಸಲು ನಮ್ಮ ವಾಯುಪಡೆಯ ಟೆಂಪೆಸ್ಟ್ ಯುದ್ಧವಿಮಾನಗಳು ದಾಳಿ ನಡೆಸಿದವು. ಆ ರಾಜೇಶ್ವರ ಇಂದಿನ ಬಸವಕಲ್ಯಾಣ ತಾಲ್ಲೂಕಿನದು. ಚಿಟಗುಪ್ಪವೂ ಆ ಹೆದ್ದಾರಿಗೆ ದೂರದ ಊರಲ್ಲ. ರಜಾಕಾರರ ಹಾವಳಿಯಿಂದ ಬಳಲಿದ ಮನೆಗಳಿಗೆ ಆ ಸದ್ದು ಬಿಡುಗಡೆಯ ಸದ್ದಾಯಿತು. ಆ ಬಳಿಕದ ದಿನಗಳಲ್ಲಿ ಯಾವ ತಪ್ಪನ್ನೂ ಮಾಡದ ಅನೇಕ ಮುಸಲ್ಮಾನ ಕುಟುಂಬಗಳು ನೋವುಂಡವೆಂಬುದೂ ಅಷ್ಟೇ ಸತ್ಯ. ಎರಡನ್ನೂ ಹೇಳಿದಾಗಲೇ ಕಂಡದ್ದನ್ನು ಕಂಡಂತೆ ಹೇಳಿದ ಹಾಗಾಗುತ್ತದೆ.

ಅಂದು ಹತ್ತು ವರ್ಷದ ಕೂಸಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಅವರ ನೆನಪು ಯಾವ ಕಡತದಲ್ಲಿಯೂ ಇಲ್ಲ. ದೇವಯ್ಯನವರ ಸಂಗತಿಯನ್ನು ಹೇಳಲು ಒಬ್ಬನಾದರೂ ಉಳಿದಿದ್ದ. ನಮ್ಮ ಹಿರಿಯರು ಹೋದಮೇಲೆ ಅವರ ಪರವಾಗಿ ನುಡಿಯುವವರು ಯಾರೂ ಉಳಿಯುವುದಿಲ್ಲ. ಆದ್ದರಿಂದ ನಮ್ಮದೊಂದು ವಿನಂತಿ. ಮನೆಯಲ್ಲಿ ಅಜ್ಜನಿದ್ದರೆ, ಅಜ್ಜಿಯಿದ್ದರೆ, ಸೇನೆಯಿಂದ ನಿವೃತ್ತರಾದ ಕಾಕಾ ಮಾಮಂದಿರಿದ್ದರೆ, ಈ ತಿಂಗಳಲ್ಲಿ ಒಂದು ಸಂಜೆ ದೂರದರ್ಶನವನ್ನು ಆರಿಸಿ ಅವರ ಬಳಿ ಕುಳಿತುಕೊಳ್ಳಿರಿ. ಯಾವ ಊರು, ಯಾವ ಹೊತ್ತು, ಏನು ಕಂಡಿರಿ, ಏನು ಕೇಳಿದಿರಿ ಎಂದು ವಿಚಾರಿಸಿ, ಶಾಲೆಗೆ ಹೋಗುವ ಮಗುವಿನ ಕೈಯಿಂದ ಒಂದು ನೋಟುಪುಸ್ತಕದಲ್ಲಿ ಬರೆಯಿಸಿರಿ. ಅಂಜಿದ್ದೆ ಎಂದು ಅವರು ಹೇಳಿದರೆ ಅಂಜಿದ್ದರೆಂದೇ ಬರೆಯಿರಿ. ನೆನಪಿಲ್ಲವೆಂದರೆ ಆ ಜಾಗವನ್ನು ಖಾಲಿ ಬಿಡಿರಿ. ಶೋಭೆಗಾಗಿ ಒಂದು ಮಾತನ್ನೂ ಸೇರಿಸಬೇಡಿರಿ.

ನಾಳೆ ನಿಮ್ಮ ಮನೆಯ ಮಗನೋ ಮಗಳೋ ಬೀದರಿನ ಆ ವಿಮಾನಗಳಲ್ಲಿ ಕೂರುವ ಕನಸನ್ನು ಹೇಳಿಕೊಂಡರೆ ತಡೆಯಬೇಡಿರಿ. ಆದರೆ ಹರಸಿ ಕಳುಹಿಸುವ ಮುನ್ನ ಮಲಿಕರ ಗಾಯವನ್ನೂ, ಇಂದ್ರಲಾಲನ ಹತ್ತೊಂಬತ್ತು ವರ್ಷವನ್ನೂ, ದೇವಯ್ಯನವರ ಮನೆಯವರು ಕಾದ ಇಪ್ಪತ್ಮೂರು ವರ್ಷವನ್ನೂ ಹೇಳಿರಿ. ಎಲ್ಲವನ್ನೂ ಅರಿತು ಇಟ್ಟ ಹೆಜ್ಜೆ ಹಿಂದೆಗೆಯುವುದಿಲ್ಲ.