ಶುದ್ಧಿಯಲ್ಲಿಯೇ ಸಿದ್ಧಿ

ವಿದ್ಯಾರ್ಥಿಮಿತ್ರರೇ, ಪ್ರಯೋಗಶಾಲೆಯಲ್ಲಿ ದ್ರವವೊಂದನ್ನು ತಯಾರಿಸುವುದು ಸುಲಭ. ಅದನ್ನು ಶುದ್ಧಗೊಳಿಸುವುದು ಕಷ್ಟ. ಆದರೂ ನಮ್ಮಲ್ಲಿ ಅನೇಕರು ತಯಾರಿಕೆಯೊಡನೆಯೇ ಪ್ರಯೋಗವು ಮುಗಿಯಿತೆಂದು ಭಾವಿಸುವರು. ಈ ಭಾವನೆಯನ್ನು ನಾವು ಬಿಡಬೇಕು.

ಈಥೈಲ್ ಅಸಿಟೇಟನ್ನು ನೋಡಿರಿ. ಮದ್ಯಸಾರವನ್ನೂ ಅಸಿಟಿಕ್ ಆಮ್ಲವನ್ನೂ ತುಸು ಗಂಧಕಾಮ್ಲದೊಡನೆ ಕಾಯಿಸಿದರೆ ಹಣ್ಣಿನ ಪರಿಮಳವುಳ್ಳ ಈ ದ್ರವವು ದೊರೆಯುತ್ತದೆ. ಆದರೆ ಅದರೊಳಗೆ ಆಮ್ಲ, ಮದ್ಯಸಾರ, ನೀರು ಇನ್ನೂ ಬೆರೆತಿರುತ್ತವೆ. ಸೋಡಿಯಂ ಕಾರ್ಬೋನೇಟ್ ದ್ರಾವಣದಿಂದ ತೊಳೆದರೆ ಆಮ್ಲವೂ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಿಂದ ತೊಳೆದರೆ ಮದ್ಯಸಾರವೂ ತೊಲಗುತ್ತವೆ. ಉಳಿದ ನೀರನ್ನು ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಹೀರಿಕೊಳ್ಳುತ್ತದೆ. ಆವಿಯು ಬೇಗನೆ ಹೊತ್ತಿಕೊಳ್ಳುವುದರಿಂದ, ಬರಿಯ ಜ್ವಾಲೆಗೆ ಒಡ್ಡದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬಟ್ಟಿಯಿಳಿಸಿ, 77 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಬರುವುದನ್ನಷ್ಟೇ ಸಂಗ್ರಹಿಸಬೇಕು.

ಪ್ರತಿಯೊಂದು ಹಂತದಲ್ಲಿಯೂ ದ್ರವವು ಕೊಂಚ ಕಡಿಮೆಯಾಗುತ್ತದೆ. ಹೆಚ್ಚು ತೋರಿಸುವ ಆಸೆಯಿಂದ ಕೆಲವರು ತೊಳೆಯುವುದನ್ನೇ ಬಿಡುವರು. ಉಷ್ಣಮಾಪಕವು ಬೇರೆ ಹೇಳಿದರೂ ಪುಸ್ತಕದಲ್ಲಿರುವ ಅಂಕಿಯನ್ನೇ ಬರೆದಿಡುವರು. ಇದರಿಂದ ಗುಣಾಂಕ ದೊರೆಯಬಹುದು; ವಿದ್ಯೆ ದೊರೆಯದು.

ಗುಜರಾತಿನಲ್ಲಿರುವ ನಮಗೆ ಉತ್ತಮ ನಿದರ್ಶನವೊಂದು ಹತ್ತಿರದಲ್ಲಿಯೇ ಇದೆ. ಸೂರತ್‌ನಲ್ಲಿ ಜನಿಸಿದ ಪ್ರೊಫೆಸರ್ ಟಿ. ಕೆ. ಗಜ್ಜರ್ ಅವರು ಬರೋಡಾ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿದರು. 1890ರಲ್ಲಿ ಮಹಾರಾಜ ಸಯಾಜಿರಾಯರ ಆಶ್ರಯದಲ್ಲಿ ಕಲಾಭವನವನ್ನು ಸ್ಥಾಪಿಸಿದರು. 1907ರಲ್ಲಿ ವಡೋದರೆಯಲ್ಲಿ ಆರಂಭವಾದ ಅಲೆಂಬಿಕ್ ಕಾರ್ಖಾನೆಯ ಸ್ಥಾಪಕರಲ್ಲಿಯೂ ಅವರು ಒಬ್ಬರು. ಮದ್ಯಸಾರವನ್ನೂ ಔಷಧದ ಟಿಂಕ್ಚರುಗಳನ್ನೂ ತಯಾರಿಸಲು ಹುಟ್ಟಿದ ಆ ಕಾರ್ಖಾನೆಯ ಹೆಸರಿಗೆ ಬಟ್ಟಿಯಿಳಿಸುವ ಪಾತ್ರೆಯೆಂದೇ ಅರ್ಥ! ರೋಗಿಯ ಬಾಯಿಗೆ ಹೋಗುವ ಔಷಧದಲ್ಲಿ ಒಂದು ಹಂತವನ್ನು ಬಿಟ್ಟರೆ ಗತಿಯೇನು?

ಆದುದರಿಂದ, ಮಿತ್ರರೇ, ಸ್ವಲ್ಪವಾದರೂ ಶುದ್ಧವಾದುದನ್ನೇ ಗುರುಗಳ ಮುಂದಿಡೋಣ; ಕಣ್ಣಿಗೆ ಕಂಡ ಅಂಕಿಯನ್ನೇ ಬರೆಯೋಣ.