ಟರ್ಬೊಗೆ ಹಣವಿದೆ, ಪೆಟ್ರೋಲ್ ಪೈಪಿಗಿಲ್ಲ

ಚಿಕ್ಕಮಗಳೂರಿನಲ್ಲಿ ಹಳೇ ಜಿಪ್ಸಿಗಳಿಗೆ ಬರವಿಲ್ಲ. ತೋಟದ ಮನೆಗಳ ಶೆಡ್ಡಿನಲ್ಲಿ ಒಂದಾದರೂ ನಿಂತಿರುತ್ತದೆ. ಮನೆಯ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ಕಾಸು ಕೂಡಿಸಿದನೋ, ಅದಕ್ಕೆ ಮರುಹುಟ್ಟು ಕೊಡುವ ಆಸೆ ಶುರುವಾಗುತ್ತದೆ. ಅಂಥ ಗಾಡಿಗಳನ್ನು ಬಿಚ್ಚಿ ಕಟ್ಟುವುದೇ ನನ್ನ ಹೊಟ್ಟೆಪಾಡು. ಬರುವವರ ಮೊಬೈಲಿನಲ್ಲಿ ಪಟ್ಟಿ ಸಿದ್ಧವಿರುತ್ತದೆ: ಟರ್ಬೊ, ದೊಡ್ಡ ಟಯರು, ವಿಂಚು, ಎಲ್‌ಇಡಿ ಬಾರ್. ಎಲ್ಲ ಮುಗಿದ ಮೇಲೆ ತಳದಲ್ಲಿ ಒಂದು ಸಾಲು, '255 ಲೀಟರ್ ಪಂಪ್'. ಅಷ್ಟು ದೊಡ್ಡದು ಯಾಕಪ್ಪಾ ಅಂದರೆ, "ದೊಡ್ಡದಿದ್ರೆ ಒಳ್ಳೇದಲ್ವಾ ಅಣ್ಣಾ?"

ಅಲ್ಲ. ಪಂಪನ್ನು ಲೆಕ್ಕ ಹಾಕಿ ಕೊಳ್ಳಬೇಕು, ಲೆಕ್ಕವೇನೂ ಕಷ್ಟದ್ದಲ್ಲ. ಪೆಟ್ರೋಲ್ ಎಂಜಿನ್ನು ಪೂರಾ ದಮ್ಮು ಕಟ್ಟಿ ಎಳೆಯುವಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಹೆಚ್ಚುಕಡಿಮೆ 0.3 ಲೀಟರ್ ಕುಡಿಯುತ್ತದೆ. 2000ದಲ್ಲಿ ಬಂದ ಎಂಪಿಎಫ್‌ಐ ಜಿಪ್ಸಿ ಕಿಂಗ್‌ನ 1298 ಸಿಸಿ ಎಂಜಿನ್ 80 ಅಶ್ವಶಕ್ತಿಯದು. ಅಂದರೆ ಗಂಟೆಗೆ 24 ಲೀಟರ್, ಅದೂ ಆಕ್ಸಿಲರೇಟರ್ ನೆಲಕ್ಕೊತ್ತಿಯೇ ಓಡಿಸಿದರೆ. ಟರ್ಬೊ ಕೂರಿಸಿ 150ಕ್ಕೆ ಏರಿಸಿದಿರಿ ಅನ್ನಿ, ಟರ್ಬೊ ಎಂಜಿನ್ನಿಗೆ ದಾಹ ಜಾಸ್ತಿ, 55 ಲೀಟರ್ ಬೇಕು. ಎಥೆನಾಲ್ ಬೆರೆತ ಪೆಟ್ರೋಲಿಗೆಂದು ಸ್ವಲ್ಪ, ಪಂಪ್ ಹಳತಾದಾಗ ಸೋಲುತ್ತದೆಂದು ಇನ್ನಷ್ಟು ಸೇರಿಸಿದರೂ 75ಕ್ಕೆ ನಿಲ್ಲುತ್ತದೆ. ಆದರೆ ಈ 75 ಲೀಟರ್ ಯಾವ ಒತ್ತಡದಲ್ಲಿ ಅನ್ನುವುದನ್ನು ಕೇಳಲೇಬೇಕು. ಡಬ್ಬಿಯ ಮೇಲೆ ಬರೆದ ಅಂಕಿಯನ್ನು ಪಂಪ್ ಎಲ್ಲ ಒತ್ತಡದಲ್ಲೂ ಕೊಡುವುದಿಲ್ಲ. ಇಂಜೆಕ್ಷನ್ ಲೈನಿಗೆ ಸುಮಾರು 3 ಬಾರ್ ಬೇಕು, ಟರ್ಬೊ 0.7 ಬಾರ್ ಬೂಸ್ಟ್ ಕೊಟ್ಟರೆ ಪೆಟ್ರೋಲೂ 3.7ಕ್ಕೆ ಏರಬೇಕು. ಪಂಪ್ ತಯಾರಕರು ಕೊಡುವ ನಕ್ಷೆಯಲ್ಲಿ 3.7 ಬಾರಿನ ಎದುರು ಎಷ್ಟು ಲೀಟರ್ ಇದೆಯೋ ಅದೇ ನಿಮ್ಮ ಪಂಪಿನ ನಿಜವಾದ ಅಳತೆ. ನಕ್ಷೆಯೇ ಇಲ್ಲದ ಪಂಪನ್ನು ನಾನು ಕೈಯಲ್ಲೂ ಮುಟ್ಟುವುದಿಲ್ಲ. ಹೆಸರಾಂತ 255ರ ನಕಲಿಗಳು ಆನ್‌ಲೈನಿನಲ್ಲಿ ಅರ್ಧಕ್ಕರ್ಧ ದರಕ್ಕೆ ಸಿಗುತ್ತವೆ, ಡಬ್ಬಿ ಸಮೇತ.

ದೊಡ್ಡ ಪಂಪ್ ಹಾಕಿದರೆ ಏನಾಗುತ್ತದೆ? ಎಂಜಿನ್ ಕುಡಿಯದೆ ಉಳಿದದ್ದೆಲ್ಲ ಟ್ಯಾಂಕಿಗೆ ವಾಪಸ್ ಬರುತ್ತದೆ. ಜಿಪ್ಸಿಯ ಟ್ಯಾಂಕು 40 ಲೀಟರಿನದು. ಗಂಟೆಗೆ 255 ಲೀಟರ್ ತಳ್ಳಿದರೆ ಇಡೀ ಟ್ಯಾಂಕಿನ ಪೆಟ್ರೋಲು ಎಂಜಿನ್ನಿನ ಬಿಸಿ ಸೋಕಿಸಿಕೊಂಡು ಗಂಟೆಗೆ ಆರು ಸುತ್ತು ತಿರುಗಿ ಬರುತ್ತದೆ. ಟ್ಯಾಂಕಿನಲ್ಲಿ ಕಾಲು ಭಾಗವೇ ಇದ್ದರೆ ಕೇಳುವುದೇ ಬೇಡ. ಕಾದ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. ಓನರು ಪ್ಲಗ್ ಬದಲಿಸುತ್ತಾರೆ, ಕಾಯಿಲ್ ಬದಲಿಸುತ್ತಾರೆ, ಕೊನೆಗೆ ಟ್ಯೂನ್ ಮಾಡಿದವನನ್ನು ಬಯ್ಯುತ್ತಾರೆ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಕಂಪನಿ ಹಾಕಿಕೊಟ್ಟ ಸಣ್ಣ ರಿಟರ್ನ್ ಲೈನಿಗೆ ಅಷ್ಟೊಂದು ಪೆಟ್ರೋಲು ಹಿಡಿಸುವುದಿಲ್ಲ. ರೆಗ್ಯುಲೇಟರಿನ ಸ್ಕ್ರೂ ಪೂರ್ತಿ ಸಡಿಲಿಸಿದರೂ ಗೇಜಿನ ಮುಳ್ಳು ಇಳಿಯದಿದ್ದರೆ ರೆಗ್ಯುಲೇಟರ್ ಕೆಟ್ಟಿದೆ ಎಂದು ಬಿಸಾಡಬೇಡಿ, ಮೊದಲು ರಿಟರ್ನ್ ಪೈಪು ನೋಡಿ.

ರೆಗ್ಯುಲೇಟರ್ ವಿಷಯದಲ್ಲಿ ನಮ್ಮವರ ಅಸಡ್ಡೆ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪಂಪ್ ಬರೀ ತಳ್ಳುವ ಆಳು, ಒತ್ತಡ ಎಷ್ಟಿರಬೇಕೆಂದು ತೀರ್ಮಾನಿಸುವುದು ರೆಗ್ಯುಲೇಟರ್. ಅದರ ತಲೆಯಲ್ಲಿರುವ ಸಣ್ಣ ಮೂತಿಗೆ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ಪೈಪು ಬರಬೇಕು. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡು ಒಳಕ್ಕೆ ಎಳೆಯುತ್ತದೆ, ರೆಗ್ಯುಲೇಟರ್ ಅಷ್ಟೇ ಒತ್ತಡ ಇಳಿಸುತ್ತದೆ. ಬೂಸ್ಟ್ ಬಂದಾಗ ಅಷ್ಟೇ ಏರಿಸುತ್ತದೆ. ಹಾಗಾಗಿ ಇಂಜೆಕ್ಟರಿನ ಹಿಂದೆ ಮುಂದೆ ಒತ್ತಡದ ಅಂತರ ಯಾವಾಗಲೂ ಒಂದೇ. ಈ ಪೈಪು ಕಳಚಿ, ಬಾಯಿ ಮುಚ್ಚಿ, ಎಂಜಿನ್ ಓಡುತ್ತಿರುವಾಗ 3 ಬಾರಿಗೆ ಸೆಟ್ ಮಾಡಿ ಮತ್ತೆ ಸಿಕ್ಕಿಸಬೇಕು. ಪೈಪು ಹಾಕಿಕೊಂಡೇ ಸೆಟ್ ಮಾಡಿದ ಗಾಡಿಗಳು ನನ್ನ ಕೈಗೆ ಸಾಕಷ್ಟು ಬಂದಿವೆ, ಹೊಗೆ ಕಾರುತ್ತಾ.

ಕಾರ್ಬರೇಟರ್ ಗಾಡಿಯ ಕತೆಯೇ ಬೇರೆ. ಅದಕ್ಕೆ 3ರಿಂದ 5 ಪಿಎಸ್‌ಐ ಸಾಕು. ಇಂಜೆಕ್ಷನ್ನಿನ 3 ಬಾರ್ ಅಂದರೆ 43 ಪಿಎಸ್‌ಐ ದಾಟಿತು. ಹೋದ ಮಳೆಗಾಲದಲ್ಲಿ ಒಂದು ಹಳೇ ಜಿಪ್ಸಿ ಬಂತು. ಕ್ಯಾಮ್‌ಶಾಫ್ಟಿನಿಂದ ಓಡುವ ಮೆಕ್ಯಾನಿಕಲ್ ಪಂಪ್ ತೆಗೆದು ಯಾರೋ ಇಂಜೆಕ್ಷನ್ ಪಂಪ್ ಹಾಕಿ, ಜೊತೆಗೆ ಇಂಜೆಕ್ಷನ್ ರೆಗ್ಯುಲೇಟರನ್ನೇ ಕಟ್ಟಿದ್ದರು. ಅದು ಎಷ್ಟು ತಿರುಗಿಸಿದರೂ 5 ಪಿಎಸ್‌ಐಗೆ ಇಳಿಯುವ ಜಾತಿಯದ್ದಲ್ಲ. ಕೀ ಆನ್ ಮಾಡಿದೊಡನೆ ನೀಡಲ್ ವಾಲ್ವು ಸೋತು, ಫ್ಲೋಟ್ ಚೇಂಬರ್ ತುಂಬಿ, ಕಾರ್ಬರೇಟರಿನ ಮೈಮೇಲೆ ಪೆಟ್ರೋಲು ಹರಿಯಿತು. ಒಂದು ಕಿಡಿ ಸಾಕಿತ್ತು.

ವೈರಿಂಗ್ ಬಗ್ಗೆ ಚುಟುಕಾಗಿ ಹೇಳುತ್ತೇನೆ: ಬ್ಯಾಟರಿಯಿಂದ ದಪ್ಪ ವೈರು, ಫ್ಯೂಸು, ರಿಲೇ. ಹೆಡ್‌ಲೈಟ್ ಹಾಕಿ ಪಂಪಿನ ಟರ್ಮಿನಲ್ಲಿನಲ್ಲೇ ವೋಲ್ಟ್ ನೋಡಿ. ಬ್ಯಾಟರಿಯಲ್ಲಿ 13.5 ಇದ್ದು ಅಲ್ಲಿ 11 ತೋರಿಸಿದರೆ ಎಂಥ ಪಂಪ್ ಹಾಕಿಯೂ ಪ್ರಯೋಜನವಿಲ್ಲ. ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು. ಗಾಡಿ ಮಗುಚಿ ಬಿದ್ದು ಎಂಜಿನ್ ಆಫ್ ಆದ ಮೇಲೂ ಪಂಪ್ ತಿರುಗುತ್ತಿದ್ದರೆ ಒಡೆದ ಪೈಪಿನಿಂದ ಪೆಟ್ರೋಲು ಸುರಿಯುತ್ತಲೇ ಇರುತ್ತದೆ.

ಇನ್ನು ಪೈಪು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರರಲ್ಲಿ ಇಪ್ಪತ್ತು ಭಾಗ ಎಥೆನಾಲ್. ಅದರಲ್ಲಿ ಶಕ್ತಿ ಕಡಿಮೆಯಾದ್ದರಿಂದ ಅದೇ ಕೆಲಸಕ್ಕೆ ಶೇ 7ರಷ್ಟು ಹೆಚ್ಚು ಪೆಟ್ರೋಲು ಬೇಕು ಅನ್ನುವುದು ಒಂದು ಮಾತು. ಜಿಪ್ಸಿ ಕಾಲದ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ ಅನ್ನುವುದು ಅದಕ್ಕಿಂತ ಮುಖ್ಯ. ಟ್ಯಾಂಕಿನೊಳಗೆ ಮುಳುಗಿರುವ ಪೈಪಂತೂ ಹೊರಗಿನಿಂದಲೂ ಕರಗುತ್ತದೆ. ಒಂದನ್ನು ಹೊರಗೆಳೆದಾಗ ಬೆರಳಿಗೆ ಕಾಡಿಗೆಯಂತೆ ಮೆತ್ತಿಕೊಂಡಿತ್ತು, ಆ ಚೂರುಗಳೆಲ್ಲ ಫಿಲ್ಟರಿನಲ್ಲಿದ್ದವು. ಹೊರಗಿನ ಒತ್ತಡದ ಲೈನಿಗೆ ಎಸ್‌ಎಇ ಜೆ30 ಆರ್9, ಟ್ಯಾಂಕಿನೊಳಗೆ ಆರ್10, ಪೈಪಿನ ಮೈಮೇಲೆ ಹಾಗೆಂದು ಅಚ್ಚಾಗಿರಬೇಕು. ಮೀಟರಿಗೆ ಇಷ್ಟೊಂದಾ ಎಂದು ಹುಬ್ಬೇರಿಸುವವರು ಅಲಾಯ್ ವೀಲಿಗೆ ಚೌಕಾಸಿ ಮಾಡಿದ್ದನ್ನು ನಾನು ಕಂಡಿಲ್ಲ.

ಗಾಡಿಯ ಮೂಲ ರೂಪ ಬದಲಿಸಬಾರದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಎಂಜಿನ್ ಬದಲಿಸಿದರೆ ಆರ್‌ಟಿಒ ಕಾಗದ ಬೇಕು, ಟರ್ಬೊ ಕಟ್ಟಿದ ಗಾಡಿಯ ಜಾಗ ರ‍್ಯಾಲಿ ಟ್ರ್ಯಾಕು, ರಸ್ತೆಯಲ್ಲ. ಅದಕ್ಕೆ ನನ್ನ ತಕರಾರಿಲ್ಲ. ತಪಾಸಣೆಗೆ ನಿಂತ ಗಾಡಿಯ ಚಾಸಿ ನಂಬರನ್ನು ಪೆನ್ಸಿಲ್ ಉಜ್ಜಿ ತೆಗೆದುಕೊಳ್ಳುವವರು ಕೆಳಗೆ ಬಗ್ಗಿ ಪೆಟ್ರೋಲ್ ಲೈನನ್ನೂ ನೋಡಲಿ ಎಂಬುದಷ್ಟೇ ನನ್ನ ಕೋರಿಕೆ. ಪಂಪ್ ಆನ್ ಮಾಡಿ ಎರಡು ನಿಮಿಷ ಬಿಟ್ಟು ಟಾರ್ಚ್ ಹಿಡಿದರೆ ಜಾಯಿಂಟು ಒದ್ದೆಯೋ ಒಣಗಿದೆಯೋ ಗೊತ್ತಾಗುತ್ತದೆ.

ನನ್ನ ಗ್ಯಾರೇಜಿನಲ್ಲಿ ಈಗ ಮೊದಲು ಪೈಪು, ರಿಟರ್ನ್ ಲೈನು, ರೆಗ್ಯುಲೇಟರು, ಗೇಜಿನ ದುಡ್ಡು ಇಡಬೇಕು, ಆಮೇಲೆ ಟರ್ಬೊ ಮಾತು. ಒಪ್ಪದ ಕೆಲವರು ಬೇರೆ ಕಡೆ ಹೋಗಿದ್ದಾರೆ. ಹೋಗಲಿ.